ಒಡಹುಟ್ಟಿದ ನುಡಿ, ನೆರೆಮನೆಯ ನುಡಿ: ಮಂಡ್ಯ ಸೀಮೆಯಲ್ಲಿ ಕನ್ನಡ ಮತ್ತು ತಮಿಳು



ಕ್ರಿ.ಶ. 949-50ರ ಹೊತ್ತಿಗೆ, ಇಂದು ಮದ್ದೂರು ತಾಲ್ಲೂಕಿಗೆ ಸೇರಿರುವ ಆತಕೂರಿನಲ್ಲಿ ಒಂದು ಕಲ್ಲು ನಿಂತಿತು. ತಮಿಳು ಸೀಮೆಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ಕಾಳಗವನ್ನೂ, ಅಲ್ಲಿ ಗಂಗರ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದದ್ದನ್ನೂ ಅದು ಹೇಳುತ್ತದೆ. ಅದೇ ಕಲ್ಲು ಇನ್ನೊಂದು ಸಂಗತಿಯನ್ನೂ ಉಳಿಸಿಕೊಂಡಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರ ತನ್ನ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇತಿಹಾಸಕಾರರಿಗೆ ಈ ಶಾಸನದಲ್ಲಿ ತಕ್ಕೋಲದ ಯುದ್ಧ ಮುಖ್ಯ. ನುಡಿಯ ವಿದ್ಯಾರ್ಥಿಯ ಕಣ್ಣು ನಿಲ್ಲುವುದು ಹಂದಿಯ ಹತ್ತಿರ. ಕಲ್ಲಿನಲ್ಲಿ ಅದು ‘ಪಂದಿ’. ಇಂದಿನ ಬರಹದ ಕನ್ನಡದಲ್ಲಿ ‘ಹಂದಿ’. ಆತಕೂರಿನ ಸುತ್ತಿನ ಹಳ್ಳಿಗಳ ಆಡುಮಾತಿನಲ್ಲಿ ‘ಅಂದಿ’. ತಮಿಳರು ಬರೆಯುವುದು ‘ಪನ್ಱಿ’, ಆಡುವುದು ‘ಪನ್ನಿ’. ಕಲ್ಲು ನೆಟ್ಟ ಕಾಲದಲ್ಲಿ ಕನ್ನಡದ ಪಂದಿಗೂ ತಮಿಳಿನ ಪನ್ಱಿಗೂ ಇದ್ದ ದೂರ ತೀರ ಕಡಿಮೆ. ಅಲ್ಲಿಂದೀಚೆಗೆ ತಮಿಳು ತನ್ನ ಪಕಾರವನ್ನು ಬಿಡಲಿಲ್ಲ. ಕನ್ನಡ ಎರಡು ಹೆಜ್ಜೆ ಮುಂದೆ ಬಂದಿತು, ಎರಡನೆಯ ಹೆಜ್ಜೆ ಬಿದ್ದದ್ದು ಮದ್ದೂರು, ಮಳವಳ್ಳಿ, ಮಂಡ್ಯದಂಥ ಹಳೆ ಮೈಸೂರಿನ ಹಳ್ಳಿಗಳಲ್ಲಿ. ಕನ್ನಡ ಮತ್ತು ತಮಿಳು ಎಲ್ಲಿ ಒಂದನ್ನೊಂದು ಹೋಲುತ್ತವೆ, ಆ ಹೋಲಿಕೆ ಎಲ್ಲಿಂದ ಬಂತು, ಯಾವುದು ಯಾವುದಕ್ಕೆ ಏನು ಕೊಟ್ಟಿತು ಎಂಬುದನ್ನು ಈ ಸೀಮೆಯ ಮಾತನ್ನೇ ಎದುರಿಗಿಟ್ಟುಕೊಂಡು ನೋಡುವುದು ಈ ಉಪನ್ಯಾಸದ ಉದ್ದೇಶ.

ಎರಡು ಭಾಷೆಗಳ ಪದಗಳು ಒಂದೇ ಬಗೆಯಾಗಿ ಕೇಳಿಸಿದ ಕೂಡಲೇ ಒಂದು ತಾಯಿ, ಇನ್ನೊಂದು ಮಗಳು ಎಂದು ತೀರ್ಮಾನಿಸುವುದು ಲೋಕರೂಢಿ. ಕನ್ನಡ ತಮಿಳಿನಿಂದ ಹುಟ್ಟಿತೆಂಬ ಮಾತು 2025ರಲ್ಲಿ ಮತ್ತೆ ಎದ್ದು, ಅದರ ಹಿಂದೆಯೇ ಸಿಟ್ಟೂ ಎದ್ದದ್ದನ್ನು ಸಭಿಕರು ಬಲ್ಲರು. ಆದರೆ ಹೋಲಿಕೆಗೆ ಕಾರಣ ಒಂದೇ ಅಲ್ಲ. ಎರಡೂ ಒಂದೇ ಬಸಿರಿನಿಂದ ಬಂದಿರಬಹುದು. ಅಕ್ಕಪಕ್ಕ ಬಾಳಿ ಒಂದು ಇನ್ನೊಂದರಿಂದ ಪಡೆದಿರಬಹುದು. ಎರಡೂ ಮೂರನೆಯ ಕಡೆಯಿಂದ ತಂದುಕೊಂಡಿರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದೆ ಎರಡೂ ಒಂದೇ ದಾರಿಯಲ್ಲಿ ನಡೆದಿರಲೂಬಹುದು. ಒಡಹುಟ್ಟಿದವರ ಮುಖದ ಹೋಲಿಕೆ ಬೇರೆ, ನೆರೆಮನೆಯವರಿಂದ ಬಂದ ನಡೆನುಡಿ ಬೇರೆ. ಇವನ್ನು ಬಿಡಿಸದೆ ಆಡಿದ ಮಾತು ಜಗಳವಾಗುತ್ತದೆಯೇ ಹೊರತು ತಿಳಿವಳಿಕೆಯಾಗುವುದಿಲ್ಲ.

ಮನಸ್ಸು ಬಿಸಿಯೇರದ ದೂರದ ಉದಾಹರಣೆಯೊಂದರಿಂದ ಇದನ್ನು ತಿಳಿಯುವುದು ಸುಲಭ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ದೂರದ ನೆಂಟರು. ಸ್ಪ್ಯಾನಿಷ್ ಲ್ಯಾಟಿನ್ನಿನಿಂದ ಇಳಿದು ಬಂದದ್ದು, ಇಂಗ್ಲಿಷ್ ಜರ್ಮಾನಿಕ್ ಕವಲಿನದು. ಸ್ಪ್ಯಾನಿಷಿನಲ್ಲಿ ತಂದೆ ‘ಪಾದ್ರೆ’, ಇಂಗ್ಲಿಷಿನಲ್ಲಿ ‘ಫಾದರ್’. ಪಾದ ‘ಪಿಯೆ’, ‘ಫುಟ್’. ಮೀನು ‘ಪೆಸ್’, ‘ಫಿಶ್’. ಒಂದರ ಪಕಾರಕ್ಕೆ ಇನ್ನೊಂದರಲ್ಲಿ ಫಕಾರ ಸಾಲಾಗಿ ಎದುರಾಗುತ್ತದೆ. ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮದ ಒಂದು ಭಾಗ ಇದು. ಹೀಗೆ ನಿಯಮಕ್ಕೆ ಒಳಪಟ್ಟ ವ್ಯತ್ಯಾಸ ಒಡಹುಟ್ಟಿನ ಗುರುತು. ಆದರೆ ಇಂಗ್ಲಿಷಿನಲ್ಲಿ ‘ಪೇಟರ್ನಲ್’, ‘ಪೆಡಲ್’ ಎಂಬ ಪದಗಳೂ ಇವೆ, ಅಲ್ಲಿ ಪಕಾರ ಹಾಗೇ ಉಳಿದಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ, ಲ್ಯಾಟಿನ್ನಿನಿಂದ ಹೊಳೆಯಾಗಿ ಹರಿದು ಬಂದ ಸಾಲದ ಪದಗಳ ಸಾಲಿಗೆ ಇವು ಸೇರುತ್ತವೆ. ಫಕಾರ ಇರಬೇಕಾದ ಕಡೆ ಪಕಾರ ಕಂಡರೆ ಅದು ಹೊರಗಿನಿಂದ ಬಂದ ಪದ. ಇಂಗ್ಲಿಷಿನ ಅರಿವಿಲ್ಲದವರೂ ಬಳಸಬಹುದಾದಷ್ಟು ಸರಳವಾದ ಈ ಅಳತೆಗೋಲನ್ನೇ ಕನ್ನಡಕ್ಕೂ ಹಿಡಿಯಬೇಕು.

ಮೂರನೆಯ ಕಡೆಯಿಂದ ಬಂದ ಹೋಲಿಕೆಗೆ ಮಂಡ್ಯದಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗಲಾರದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗಿನಿಂದ ಈ ಊರಿಗೆ ಸಕ್ಕರೆ ನಾಡೆಂಬ ಹೆಸರು. ಸಂಸ್ಕೃತದ ‘ಶರ್ಕರಾ’ ಪ್ರಾಕೃತದ ದಾರಿಯಲ್ಲಿ ಕನ್ನಡಕ್ಕೆ ಸಕ್ಕರೆಯಾಗಿ ಬಂತು, ತಮಿಳಿನಲ್ಲಿ ಸರ್ಕರೈ ಆಯಿತು. ಅದೇ ಪದ ಪರ್ಷಿಯನ್, ಅರಬ್ಬಿ ಬಾಯಿಗಳನ್ನು ದಾಟಿ ಸ್ಪ್ಯಾನಿಷಿನಲ್ಲಿ ‘ಅಸೂಕರ್’, ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ನಾಲ್ಕು ಭಾಷೆಗಳಲ್ಲಿ ಒಂದೇ ಪದವಿದೆ. ಅವುಗಳ ನೆಂಟಸ್ತಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಸರಕು ಸಾಗಿದ ದಾರಿಯನ್ನಷ್ಟೇ ಹೇಳುತ್ತದೆ.

ಸಕ್ಕರೆಯನ್ನು ಬಿಟ್ಟು ಬೆಲ್ಲಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಕನ್ನಡದ ಬೆಲ್ಲ ತಮಿಳಿನಲ್ಲಿ ‘ವೆಲ್ಲಂ’. ಕಬ್ಬು ಹಳಗನ್ನಡದಲ್ಲಿ ‘ಕರ್ಬು’, ತಮಿಳಿನಲ್ಲಿ ‘ಕರುಂಬು’. ಕಬ್ಬು ಅರೆಯುವ ಆಲೆ ತಮಿಳಿನಲ್ಲಿ ‘ಆಲೈ’. ಇವು ಎರಡೂ ನುಡಿಗಳಿಗೆ ಮೂಲ ದ್ರಾವಿಡದಿಂದ ಬಂದ ಆಸ್ತಿ. ಬೆಲ್ಲದ ಬಕಾರಕ್ಕೆ ಎದುರಾಗಿ ತಮಿಳಿನಲ್ಲಿ ವಕಾರವಿರುವುದು ಆಕಸ್ಮಿಕವಲ್ಲ. ಬಾಯಿ–ವಾಯ್, ಬೇರು–ವೇರ್, ಬೆರಳು–ವಿರಲ್, ಬಿಲ್ಲು–ವಿಲ್, ಬಯಲು–ವಯಲ್, ಬಾ–ವಾ: ಪದದ ಮೊದಲಿಗಿದ್ದ ಹಳೆಯ ವಕಾರವನ್ನು ಕನ್ನಡ ಬಕಾರ ಮಾಡಿಕೊಂಡಿತು, ತಮಿಳು ಉಳಿಸಿಕೊಂಡಿತು. ಪದ ಒಂದೇ ಆದರೂ ಬಾಳು ಬೇರೆಯಾದದ್ದೂ ಉಂಟು. ಕನ್ನಡದ ಆಲೆ ಬೆಲ್ಲ ಕಾಯಿಸುವ ಆಲೆಮನೆಯಲ್ಲೇ ಉಳಿಯಿತು. ಮಂಡ್ಯದ ರೈತ ದೊಡ್ಡ ಕಾರ್ಖಾನೆಯನ್ನು ‘ಫ್ಯಾಕ್ಟ್ರಿ’ ಎಂದ. ತಮಿಳರು ಅದೇ ಆಲೈ ಎಂಬ ಪದವನ್ನು ಬೆಳೆಸಿ ಸಕ್ಕರೆ ಕಾರ್ಖಾನೆಗೂ ‘ಸರ್ಕರೈ ಆಲೈ’ ಎಂದರು. ನೀರಾವರಿಯಲ್ಲೂ ಹೀಗೆಯೇ. ಮಂಡ್ಯದವರಿಗೆ ಏರಿ ಎಂದರೆ ಕೆರೆಯ ಕಟ್ಟೆ, ತಮಿಳರಿಗೆ ‘ಏರಿ’ ಎಂದರೆ ಇಡೀ ಕೆರೆ.

ಇನ್ನು ಪಂದಿ–ಹಂದಿಯ ನಿಯಮ. ಹಾಲು ತಮಿಳಿನಲ್ಲಿ ‘ಪಾಲ್’, ಹುಲಿ ‘ಪುಲಿ’, ಹಲ್ಲು ‘ಪಲ್’, ಹೂ ‘ಪೂ’, ಹತ್ತು ‘ಪತ್ತು’, ಹಾವು ‘ಪಾಂಬು’. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಕಾಣತೊಡಗಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಅಚ್ಚಗನ್ನಡ ಪದಗಳ ಮೊದಲಿನ ಪಕಾರ ಬಹುಮಟ್ಟಿಗೆ ಹಕಾರವಾಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಕಾಲಕ್ಕೆ ಬದಲಾವಣೆ ನಡೆಯುತ್ತಲೇ ಇತ್ತು. ಇದು ಕನ್ನಡದ ಒಳಗೆ ನಡೆದ ಬದಲಾವಣೆ. ತಮಿಳಿಗೆ ಇದರಲ್ಲಿ ಪಾಲಿಲ್ಲ.

ಇಷ್ಟನ್ನೇ ನೋಡಿದವರು ಒಂದು ಪ್ರಶ್ನೆ ಎತ್ತಬಹುದು. ತಮಿಳೇ ಹಳೆಯದನ್ನು ಉಳಿಸಿಕೊಂಡಿದೆ, ಕನ್ನಡ ಬದಲಾಗಿದೆ. ಹಾಗಾದರೆ ತಮಿಳೇ ತಾಯಿಯಲ್ಲವೆ? ಈ ಪ್ರಶ್ನೆಗೆ ಉತ್ತರ ಮಂಡ್ಯದ ಹೊಲಗದ್ದೆಗಳಲ್ಲಿದೆ. ಬೇಸಾಯದ ಕೆಲಸಕ್ಕೆ ಇಲ್ಲಿನವರು ‘ಗೇಮೆ’ ಎನ್ನುತ್ತಾರೆ. ಗದ್ದೆಯಲ್ಲಿ ದುಡಿಯುವುದು ಗೇಯುವುದು. ಹಳಗನ್ನಡದ ‘ಕೆಯ್’, ‘ಗೆಯ್’ ಎಂಬ ಧಾತುವನ್ನು ಪಟ್ಟಣದ ಕನ್ನಡ ಬಹುಮಟ್ಟಿಗೆ ಮರೆತು ‘ಮಾಡು’ ಎಂಬುದರಲ್ಲೇ ಎಲ್ಲ ಮುಗಿಸಿದೆ. ಇಲ್ಲಿನ ಒಕ್ಕಲು ಮಕ್ಕಳು ಅದನ್ನು ದಿನವೂ ಆಡುತ್ತಾರೆ. ಇದೇ ಧಾತು ತಮಿಳಿನಲ್ಲಿ ‘ಸೆಯ್’. ಕಿವಿ ತಮಿಳಿನಲ್ಲಿ ‘ಸೆವಿ’, ಕೆಸರು ‘ಸೇಱು’, ಕಿರಿದು ‘ಸಿಱಿದು’. ಇಲ್ಲಿ ಹಳೆಯದನ್ನು ಉಳಿಸಿಕೊಂಡದ್ದು ಕನ್ನಡ. ಇ, ಎ ಸ್ವರಗಳ ಮುಂಚಿನ ಮೂಲ ಕಕಾರ ತಮಿಳಿನಲ್ಲಿ ಚಕಾರವಾಗಿ, ಈಗ ಸಕಾರದಂತೆ ಕೇಳುತ್ತದೆ. ಕನ್ನಡ ತಮಿಳಿನಿಂದ ಹುಟ್ಟಿದ್ದರೆ ಆಗಲೇ ಬದಲಾಗಿದ್ದ ಸೆವಿ, ಸೇಱು, ಸೆಯ್‌ಗಳನ್ನೇ ಆರಿಸಿ ಒಂದೊಂದನ್ನೂ ಹಿಂದಿರುಗಿಸಿ ಕಕಾರ ಮಾಡಬೇಕಿತ್ತು, ಮೂಲದಲ್ಲೇ ಚಕಾರವಿದ್ದ ಪದಗಳನ್ನು ಮುಟ್ಟದೆ ಬಿಡಬೇಕಿತ್ತು. ಯಾವ ಭಾಷೆಯೂ ಹಾಗೆ ನಡೆಯುವುದಿಲ್ಲ. ತಮಿಳು ಕನ್ನಡದಿಂದ ಹುಟ್ಟಿತೆನ್ನುವುದಕ್ಕೂ ಇದೇ ತೊಡಕು: ಕನ್ನಡ ಕಳೆದುಕೊಂಡ ‘ೞ’ ತಮಿಳಿನಲ್ಲಿ ಇಂದಿಗೂ ಇದೆ. ಮಳೆ, ಬಾಳೆ, ಕೋಳಿ, ಏಳು ಇವೆಲ್ಲ ಹಳಗನ್ನಡದಲ್ಲಿ ‘ೞ’ ಇದ್ದ ಪದಗಳು. ಕೇಶಿರಾಜನ ಕಾಲಕ್ಕಾಗಲೇ ಜನರ ನಾಲಗೆಯಲ್ಲಿ ಅದು ಮರೆಯಾಗಿದ್ದರಿಂದಲೇ ಅಂಥ ಪದಗಳನ್ನು ಬೇರೆಯಾಗಿ ಗುರುತಿಸಿಕೊಡುವ ಅಗತ್ಯ ವೈಯಾಕರಣನಿಗೆ ಬಂತು.

ಹಾಗಾಗಿ ಪಂಡಿತರ ತೀರ್ಮಾನ ಸ್ಪಷ್ಟವಾಗಿದೆ. ಫ್ರಾನ್ಸಿಸ್ ಎಲ್ಲಿಸ್ 1816ರಲ್ಲೇ ದಕ್ಷಿಣದ ಈ ಭಾಷೆಗಳು ಒಂದೇ ಕುಟುಂಬದವೆಂದು ತೋರಿಸಿದ. ರಾಬರ್ಟ್ ಕಾಲ್ಡ್‌ವೆಲ್‌ನ ತೌಲನಿಕ ವ್ಯಾಕರಣ 1856ರಲ್ಲಿ ಬಂತು. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ 1961ರಲ್ಲಿ, ಪರಿಷ್ಕೃತವಾಗಿ 1984ರಲ್ಲಿ ಪ್ರಕಟವಾಯಿತು. ಕನ್ನಡ, ತಮಿಳು ಎರಡೂ ದಕ್ಷಿಣ ದ್ರಾವಿಡ ಎಂಬ ಕವಲಿನಿಂದ ಬೇರೆಯಾದ ಒಡಹುಟ್ಟಿದವರು. ಆ ಬೇರ್ಪಡಿಕೆ ಕ್ರಿಸ್ತಶಕಕ್ಕೆ ಶತಮಾನಗಳ ಮುಂಚಿನದು. ತಮಿಳಿನ ಬರಹ ಕನ್ನಡದ ಬರಹಕ್ಕಿಂತ ಹಳೆಯದು, ಅದರ ಸಾಹಿತ್ಯ ಸಂಪತ್ತು ದೊಡ್ಡದು. ಅದನ್ನು ಒಪ್ಪಿಕೊಳ್ಳುವುದರಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಮೊದಲು ಬರೆದವರು ಹಿರಿಯರಿರಬಹುದು, ತಾಯಿ ಆಗಬೇಕಿಲ್ಲ.

ಪದಗಳಿಗಿಂತ ಆಳದಲ್ಲಿ ಇರುವುದು ವಾಕ್ಯದ ಕಟ್ಟು. ‘ಹೋಗಿಬಿಟ್ಟ’ ಎಂಬ ಕನ್ನಡಕ್ಕೆ ತಮಿಳು ‘ಪೋಯ್‌ವಿಟ್ಟಾನ್’. ಪೋ–ಹೋ, ವಿಡು–ಬಿಡು ಎಂಬ ಎರಡು ನಿಯಮಗಳೂ ಈ ಒಂದು ಕ್ರಿಯಾಪದದಲ್ಲಿ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ‘ಬಿಡು’ ಎಂಬ ಸ್ವತಂತ್ರ ಕ್ರಿಯೆಯನ್ನು ಕೆಲಸ ಪೂರೈಸಿತೆಂಬ ಅರ್ಥಕ್ಕೆ ಇನ್ನೊಂದು ಕ್ರಿಯೆಯ ಹಿಂದೆ ಜೋಡಿಸುವ ರೀತಿಯೇ ಎರಡರಲ್ಲೂ ಒಂದು. ‘ನೋಡಿಕೊ’ ಎಂಬುದಕ್ಕೆ ‘ಪಾರ್ತ್ತುಕ್ಕೊ’. ಕೊಳ್ಳುವ ಕ್ರಿಯೆ ಅಲ್ಲೂ ಇಲ್ಲೂ ಒಂದೇ. ವ್ಯತ್ಯಾಸಗಳೂ ಅಷ್ಟೇ ಆಳವಾಗಿವೆ. ಕೇಳುವವನನ್ನು ಸೇರಿಸಿಕೊಂಡ ನಾವು, ಸೇರಿಸಿಕೊಳ್ಳದ ನಾವು ಎಂಬ ಭೇದ ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಎಂದು ಉಳಿದಿದೆ. ಇಂದಿನ ಕನ್ನಡಕ್ಕೆ ಇರುವುದು ಒಂದೇ ‘ನಾವು’.

ಇದುವರೆಗೆ ಹೇಳಿದ್ದು ಒಡಹುಟ್ಟಿನ ಮಾತು. ನೆರೆಹೊರೆಯ ಕತೆ ಶುರುವಾಗುವುದು ಹನ್ನೊಂದನೆಯ ಶತಮಾನದ ಹೊಸ್ತಿಲಲ್ಲಿ. ಸುಮಾರು 1004ರಲ್ಲಿ ಚೋಳರು ಮಳವಳ್ಳಿಗೆ ಸಮೀಪದ ತಲಕಾಡನ್ನು ಗೆದ್ದುಕೊಂಡರು. ತಲಕಾಡು ರಾಜರಾಜಪುರವಾಯಿತು, ಗಂಗವಾಡಿ ಮುಡಿಗೊಂಡ ಚೋಳಮಂಡಲವಾಯಿತು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಹಿಂದಕ್ಕೆ ಪಡೆಯುವವರೆಗೆ ನೂರು ವರ್ಷಕ್ಕೂ ಮಿಕ್ಕಿ ಈ ನಾಡಿನ ಆಡಳಿತದಲ್ಲಿ ತಮಿಳು ನಡೆಯಿತು. ಮಳವಳ್ಳಿ ಪಕ್ಕದ ಮಾರೇಹಳ್ಳಿಯ ನರಸಿಂಹ ದೇಗುಲಕ್ಕೆ ಶಾಸನದಲ್ಲಿರುವ ಹೆಸರು ‘ರಾಜಾಶ್ರಯ ವಿಣ್ಣಗರ’. ವಿಷ್ಣುವಿನ ಮನೆ ಎಂಬ ಸಂಸ್ಕೃತ ಪದ ತಮಿಳು ಬಾಯಲ್ಲಿ ವಿಣ್ಣಗರವಾಗಿ ಮಳವಳ್ಳಿಯ ಕಲ್ಲಿಗೆ ಇಳಿದಿದೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟವನ್ನೂ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳನ್ನೂ ತೆರೆದು ನೋಡಿದವರಿಗೆ ಈ ತಾಲ್ಲೂಕುಗಳಲ್ಲಿ ಕನ್ನಡ, ತಮಿಳು ಶಾಸನಗಳು ಅಕ್ಕಪಕ್ಕದಲ್ಲೇ ಇರುವುದು ಕಾಣುತ್ತದೆ.

ಆದರೆ ಗೆದ್ದವರ ನುಡಿ ಸೋತವರ ನುಡಿಯನ್ನು ಅಳಿಸಿತೆಂದು ತಿಳಿಯಬಾರದು. ಶ್ರೀರಂಗಪಟ್ಟಣ ತಾಲ್ಲೂಕಿನ ಬಲಮುರಿಯಲ್ಲಿ ರಾಜರಾಜ ಚೋಳನ ದಂಡನಾಯಕ ಪಂಚವನ್ ಮಹಾರಾಯನ 1012ರ ಶಾಸನವಿದೆ, ಅದು ಕನ್ನಡದಲ್ಲಿದೆ. ನಾಡನ್ನು ಆಳಲು ಬಂದವರು ನಾಡವರಿಗೆ ತಿಳಿಯುವ ಮಾತಿನಲ್ಲೇ ಕಲ್ಲು ಬರೆಸಿದರು.

ಚೋಳರ ಆಳ್ವಿಕೆಗಿಂತ ಹೆಚ್ಚು ಕಾಲ ನಿಂತದ್ದು ಶ್ರೀವೈಷ್ಣವದ ಬಳಕೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ, ಮೇಲುಕೋಟೆಯಲ್ಲಿ ನೆಲೆಸಿದರು. ಅವರೊಂದಿಗೆ ಆಳ್ವಾರರ ದಿವ್ಯಪ್ರಬಂಧವೂ ಅದನ್ನು ಹಾಡುವ ತಮಿಳೂ ಬಂದವು. ಮೇಲುಕೋಟೆ ತಿರುನಾರಾಯಣಪುರವಾಯಿತು. ಇಂದು ವೈರಮುಡಿಗೆ ಮಂಡ್ಯ, ಮದ್ದೂರು, ನಾಗಮಂಗಲದ ಹಳ್ಳಿಗಳಿಂದ ಜನ ಹೊರಟಾಗ ಅವರ ಬಾಯಲ್ಲಿರುವುದು ತಮಿಳು ಸಮಾಸ. ವೈರಂ ಎಂದರೆ ವಜ್ರ, ಮುಡಿ ಎಂದರೆ ಕಿರೀಟ. ಕನ್ನಡದಲ್ಲಿ ಮುಡಿ ಎಂದರೆ ತಲೆಗೂದಲು, ಹೆರಳಿನ ಗಂಟು. ದೇವರಿಗೆ ‘ಮುಡಿ ಕೊಡುವುದು’ ಎಂಬುದರಲ್ಲಿರುವುದು ಆ ಅರ್ಥ. ಒಂದೇ ಬೇರಿನಿಂದ ಬಂದ ಎರಡು ಮುಡಿಗಳು ಒಂದೇ ಊರಿನಲ್ಲಿ ಎರಡು ಅರ್ಥದಲ್ಲಿ ನಡೆಯುತ್ತಿವೆ, ಯಾರಿಗೂ ಗೊಂದಲವಿಲ್ಲ. ಉತ್ಸವಮೂರ್ತಿಗೆ ತಮಿಳಿನಲ್ಲಿ ‘ಸೆಲ್ವಪ್ಪಿಳ್ಳೈ’ ಎಂಬ ಹೆಸರು, ಸಿರಿಯ ಮಗು, ಮುದ್ದಿನ ಮಗು ಎಂಬ ಭಾವ. ಕನ್ನಡದಲ್ಲಿ ಅದು ಚೆಲುವಪಿಳ್ಳೆರಾಯ, ಚೆಲುವನಾರಾಯಣ ಆಯಿತು. ಸಿರಿ ಹಿಂದೆ ಸರಿದು ಚೆಲುವು ಮುಂದೆ ಬಂತು. ಈ ಸೀಮೆಯ ಮನೆಮನೆಯ ಚಲುವೇಗೌಡ, ಚಲುವಯ್ಯ, ಚಲುವಮ್ಮ ಎಂಬ ಹೆಸರುಗಳಿಗೆಲ್ಲ ಮೇಲುಕೋಟೆಯ ಆ ದೇವರೇ ಆಸರೆ.

ಪುಳಿಯೋಗರೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹುಣಿಸೆಯ ರುಚಿಗೆ ಕನ್ನಡ ‘ಹುಳಿ’ ಎನ್ನುತ್ತದೆ. ಪಕಾರ ಹಕಾರವಾಗುವ ನಿಯಮಕ್ಕೆ ಒಳಪಟ್ಟ, ಹುಟ್ಟಿನಿಂದ ಬಂದ ಪದ. ಅದೇ ಅಡುಗೆಮನೆಯಲ್ಲಿ ಪುಳಿಯೋಗರೆ ಇದೆ, ಅಲ್ಲಿ ಪಕಾರ ಅಲುಗಿಲ್ಲ. ಫಾದರ್ ಇದ್ದ ಮನೆಗೆ ಪೇಟರ್ನಲ್ ಬಂದ ಹಾಗೆಯೇ ಹುಳಿ ಇದ್ದ ಮನೆಗೆ ಪುಳಿಯೋಗರೆ ಬಂತು. ಮೊದಲನೆಯದು ಒಡಹುಟ್ಟಿನ ಪಾಲು, ಎರಡನೆಯದು ನೆರೆಮನೆಯ ಕೊಡುಗೆ. ತಮಿಳರು ಅದನ್ನು ‘ಪುಳಿಯೋದರೈ’ ಎನ್ನುತ್ತಾರೆ; ಕನ್ನಡಿಗರ ಕಿವಿ ಅದರ ಕೊನೆಯಲ್ಲಿ ಅನ್ನಾಹಾರವೆಂಬ ಅರ್ಥದ ತನ್ನದೇ ಹಳೆಯ ‘ಓಗರ’ವನ್ನು ಕೇಳಿಸಿಕೊಂಡಂತಿದೆ. ಪೆರುಮಾಳ್ ಎಂಬ ದೇವರ ಹೆಸರಿನ ಪಕಾರವೂ ಹೀಗೆಯೇ ಉಳಿದದ್ದು. ಅದರ ಮೊದಲಿನ ‘ಪೆರು’, ಕನ್ನಡದ ಹೆದ್ದಾರಿ, ಹೆಬ್ಬಾಗಿಲುಗಳಲ್ಲಿರುವ ‘ಹೆರ್’ ಎರಡೂ ಹಿರಿದೆಂಬ ಒಂದೇ ಮಾತಿನ ಎರಡು ರೂಪಗಳು.

ಮದ್ದೂರಿನಲ್ಲಿ ನಿಂತು ಮಾತನಾಡುವಾಗ ವಡೆಯನ್ನು ಬಿಡುವಂತಿಲ್ಲ. ಕನ್ನಡದ ವಡೆ, ತಮಿಳಿನ ವಡೈ ಎರಡರ ಹಿಂದೆಯೂ ಸಂಸ್ಕೃತದ ‘ವಟಕ’ವಿದೆ. ಅದು ಸಕ್ಕರೆಯ ಸಾಲಿನದು.

ನೆರೆಹೊರೆ ಒಂದೇ ಮನೆಯೊಳಗೆ ಬಂದು ಕೂತದ್ದು ಮಂಡಯಂ ಮತ್ತು ಹೆಬ್ಬಾರ್ ಅಯ್ಯಂಗಾರ್ ಕುಟುಂಬಗಳಲ್ಲಿ. ಇವರ ಮನೆಮಾತು ಒಂದು ಬಗೆಯ ತಮಿಳು. ಬೀದಿಯ, ಶಾಲೆಯ, ಬರವಣಿಗೆಯ ಮಾತು ಕನ್ನಡ. ಸಾರಿಗೆ ‘ಶಾತ್ತಮುದು’, ಪಾಯಸಕ್ಕೆ ‘ತಿರುಕ್ಕಣ್ಣಮುದು’ ಎನ್ನುವ ಹಳೆಯ ಶ್ರೀವೈಷ್ಣವ ಪದಗಳನ್ನು ಉಳಿಸಿಕೊಂಡೇ ಈ ತಮಿಳು ಶತಮಾನಗಳಿಂದ ಕನ್ನಡದ ಪದಗಳನ್ನೂ ನುಡಿಗಟ್ಟನ್ನೂ ಒಳಗೆ ಬಿಟ್ಟುಕೊಂಡಿದೆ. ಚೆನ್ನೈನವರಿಗೆ ಇದು ಅಪರಿಚಿತ ತಮಿಳು. ಹೆಬ್ಬಾರ್ ಎಂಬ ಹೆಸರನ್ನೇ ನೋಡಿ: ಪಂಡಿತರು ಅದನ್ನು ‘ಪೆರ್–ಪಾರ್ವ’ ಎಂಬುದರಿಂದ ಬಿಡಿಸುತ್ತಾರೆ. ಮನೆಮಾತು ತಮಿಳಾದರೂ ಕುಲದ ಹೆಸರು ಕನ್ನಡದ ಹಕಾರದ ನಿಯಮಕ್ಕೆ ಒಳಪಟ್ಟಿದೆ. ಮಂಡ್ಯದ ಹೆಸರು ಹೊತ್ತ ಕುಟುಂಬಗಳು ಮದರಾಸಿಗೂ ಹೋದವು. ಸ್ವಾಮಿ ವಿವೇಕಾನಂದರ ಶಿಷ್ಯ ಮಂಡಯಂ ಚಕ್ರವರ್ತಿ ಅಳಸಿಂಗ ಪೆರುಮಾಳರ ಹೆಸರಿನಲ್ಲಿ ಅದು ಉಳಿದಿದೆ. ಇತ್ತ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು, ಕೋಲಾರ ಸೀಮೆಯ ಮಾಸ್ತಿಯವರು, ಹಾಸನದ ಗೊರೂರರು, ಮೈಸೂರಿನ ಎ.ಕೆ. ರಾಮಾನುಜನ್ ಎಲ್ಲರೂ ತಮಿಳು ಕೇಳುವ ಮನೆಗಳಿಂದ ಬಂದು ಕನ್ನಡವನ್ನು ಬೆಳೆಸಿದರು. ಮನೆಯ ನುಡಿ ಬೇರೆಯಿದ್ದವರ ಕನ್ನಡ ಪರಕೀಯವಾಗಲಿಲ್ಲ. ಎರಡು ನುಡಿಗಳ ಕಿವಿಯಿದ್ದುದು ಅವರ ಕನ್ನಡಕ್ಕೆ ಬಲವೇ ಆಯಿತೆಂಬುದು ಈ ಉಪನ್ಯಾಸದ ನಿಲುವು.

ದೀರ್ಘ ಸಹವಾಸ ವ್ಯಾಕರಣವನ್ನೇ ಬದಲಿಸಬಲ್ಲದು. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕಪ್ರಸಿದ್ಧವಾಗಿದೆ. ಅಲ್ಲಿ ಪದಗಳು ಬೇರೆಬೇರೆಯಾಗೇ ಉಳಿದು ವಾಕ್ಯದ ಕಟ್ಟು ಒಂದೇ ಅಚ್ಚಿಗೆ ಬಂದಿತ್ತು.

ಕೊಡುಕೊಳೆ ಒಂದೇ ದಿಕ್ಕಿನದೂ ಅಲ್ಲ. ತಮಿಳು–ಬ್ರಾಹ್ಮಿ ಗುಹಾಶಾಸನಗಳನ್ನು ಓದಿದ ಐರಾವತಂ ಮಹಾದೇವನ್ ಅವುಗಳಲ್ಲಿ ಕನ್ನಡದ ಪ್ರಭಾವವನ್ನು ಗುರುತಿಸಿ, ಕರ್ನಾಟಕದಿಂದ ತೆಂಕಲಿಗೆ ಹೋದ ಜೈನ ಮುನಿಗಳು ಅದಕ್ಕೆ ಕಾರಣವೆಂದು ವಾದಿಸಿದ್ದಾರೆ. ಈರೋಡ್ ಜಿಲ್ಲೆಯ ತಾಳವಾಡಿಯಲ್ಲಿ, ಹೊಸೂರಿನ ಸುತ್ತ ಕನ್ನಡ ಇಂದಿಗೂ ಮನೆಮಾತು. ಮಳವಳ್ಳಿಯವರಿಗೆ ಈ ಗಡಿ ದೂರದ್ದಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಒಂದು ದಡ ಮೈಸೂರು, ಇನ್ನೊಂದು ದಡ ಮದರಾಸು. ಎರಡೂ ದಡದಲ್ಲಿ ಕನ್ನಡ, ಒಂದು ಕಡೆಯ ಕಚೇರಿಯಲ್ಲಿ ಮಾತ್ರ ತಮಿಳಿನ ನೆರಳು.

ಇಪ್ಪತ್ತನೆಯ ಶತಮಾನ ಹೊಸ ಬಗೆಯ ಬೆರಕೆ ತಂದಿತು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಸಕ್ಕರೆ ಕಾರ್ಖಾನೆಗಳೊಂದಿಗೆ ‘ಚಾನಲ್ಲು’, ‘ಟನ್ನು’, ‘ಲೋಡು’ಗಳು ರೈತರ ಮಾತಿಗೆ ಸೇರಿದವು. ಮಂಡ್ಯ ನಗರದಲ್ಲಿ ತಮಿಳು ಕಾಲೊನಿ ಎಂಬ ಹೆಸರಿನ ಬಡಾವಣೆಯೇ ಇದೆ. ದುಡಿಯುವವರ ತಮಿಳು, ಮೇಲುಕೋಟೆಯ ಅರ್ಚಕರ ತಮಿಳು ಎರಡೂ ಒಂದೇ ಜಿಲ್ಲೆಯವು.

ಕೊನೆಯದಾಗಿ ‘ಅಂದಿ’ಯ ಮಾತು. ಹಾಲನ್ನು ಆಲು, ಹೊಲವನ್ನು ವಲ, ಹೊಟ್ಟೆಯನ್ನು ವಟ್ಟೆ, ಹೋಗು ಎಂಬುದನ್ನು ಓಗು ಎನ್ನುವ ಮಂಡ್ಯದ ಮಾತನ್ನು ಅಶುದ್ಧವೆಂದು ತಿದ್ದಿದ ಶಾಲೆಗಳೆಷ್ಟೋ, ನಗೆಗೆ ಬಳಸಿದ ನಾಟಕ ಸಿನಿಮಾಗಳೆಷ್ಟೋ. ಹಕಾರ ಬಿಟ್ಟದ್ದಕ್ಕೆ ಬೈಸಿಕೊಂಡ ಹುಡುಗ ಎಚ್ಚರ ವಹಿಸಹೋಗಿ ಅಕ್ಕಿಯನ್ನು ಹಕ್ಕಿ ಮಾಡುತ್ತಾನೆ, ಮತ್ತೆ ಬೈಸಿಕೊಳ್ಳುತ್ತಾನೆ. ಇದು ಅನ್ಯಾಯ. ಪಕಾರ ಹಕಾರವಾದದ್ದು ಎಷ್ಟು ಕ್ರಮಬದ್ಧವೋ ಹಕಾರ ಬಿದ್ದುಹೋದದ್ದೂ ಅಷ್ಟೇ ಕ್ರಮಬದ್ಧ. ಸ್ಪ್ಯಾನಿಷ್ ಇದೇ ದಾರಿಯನ್ನು ಪೂರ್ತಿ ನಡೆದಿದೆ. ಲ್ಯಾಟಿನ್ನಿನ ‘ಫೀಲಿಯುಸ್’, ಮಗ, ಸ್ಪ್ಯಾನಿಷಿನಲ್ಲಿ ಫಕಾರ ಹಕಾರವಾಗಿ, ಆ ಹಕಾರವೂ ಉಚ್ಚಾರದಲ್ಲಿ ಬಿದ್ದು ‘ಇಹೊ’ ಎನಿಸಿಕೊಂಡಿದೆ. ಹಿಟ್ಟಿನ ‘ಫರೀನಾ’ ‘ಅರೀನಾ’ ಆಗಿದೆ. ಬರಹದಲ್ಲಿ ಹಕಾರವಿದೆ, ಬಾಯಲ್ಲಿಲ್ಲ. ಮಂಡ್ಯದವರು ಹಾಲು ಎಂದು ಬರೆದು ಆಲು ಎನ್ನುವಂತೆಯೇ. ಮಾತಾಡು ಎಂಬ ‘ಅಬ್ಲಾರ್’ ಹೀಗೆ ಸವೆದು ಬಂದ ಪದ. ಅದೇ ಬೇರಿನ ‘ಫಾಬುಲಾ’ ಗ್ರಂಥಗಳಿಂದ ಆಮೇಲೆ ತಂದುಕೊಂಡದ್ದಾದ್ದರಿಂದ ಅದರ ಫಕಾರ ಹಾಗೇ ಇದೆ. ಹುಳಿ, ಪುಳಿಯೋಗರೆಗಳ ಜೋಡಿಯೇ ಇದು. ಸ್ಪ್ಯಾನಿಷಿನ ಈ ಬದಲಾವಣೆಗೆ ನೆರೆಯ ಬಾಸ್ಕ್ ಭಾಷೆ ಕಾರಣವೆಂದು ಕೆಲವರು, ಒಳಗಿನ ಬೆಳವಣಿಗೆಯೆಂದು ಕೆಲವರು ವಾದಿಸುತ್ತಾರೆ. ಮಂಡ್ಯಕ್ಕೂ ಮ್ಯಾಡ್ರಿಡ್ಡಿಗೂ ಇಲ್ಲಿ ಯಾವ ಕೊಡುಕೊಳೆಯೂ ಇಲ್ಲ. ಮನುಷ್ಯರ ನಾಲಗೆ ಎರಡು ಕಡೆಯೂ ಒಂದೇ ದಾರಿ ಹಿಡಿದಿದೆ. ಆದರೆ ಮ್ಯಾಡ್ರಿಡ್ಡಿನಲ್ಲಿ ಹಕಾರ ನುಡಿಯದಿರುವುದೇ ಶಿಷ್ಟ, ಮಂಡ್ಯದಲ್ಲಿ ಅದು ದಡ್ಡತನದ ಗುರುತು ಎನ್ನುವುದಕ್ಕೆ ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಮದ್ದೂರು ತಾಲ್ಲೂಕಿನ ವೈದ್ಯ, ಕತೆಗಾರ ಬೆಸಗರಹಳ್ಳಿ ರಾಮಣ್ಣನವರು ಈ ಮಾತಿನಲ್ಲಿ ಪಾತ್ರಗಳನ್ನು ನುಡಿಸಿ ಅದರ ಕಸುವನ್ನು ತೋರಿಸಿಕೊಟ್ಟರು.

ಮುಂದೆ ಆಗಬೇಕಾದ ಕೆಲಸ ಈ ಮಾತಿನ ದಾಖಲೆ. ನಂಜನಗೂಡಿನ ಒಕ್ಕಲಿಗರ ಕನ್ನಡವನ್ನು ಯು.ಪಿ. ಉಪಾಧ್ಯಾಯರು ಅಧ್ಯಯನ ಮಾಡಿದರು, ಪುಣೆಯ ಡೆಕ್ಕನ್ ಕಾಲೇಜು ಅದನ್ನು 1968ರಲ್ಲಿ ಪ್ರಕಟಿಸಿತು. ಅಂಥದೇ ಶ್ರದ್ಧೆಯ ಕೆಲಸ ಹಲಗೂರಿನಿಂದ ಕಿರುಗಾವಲಿನವರೆಗೆ, ಬೆಳಕವಾಡಿಯ ಹೊಳೆದಂಡೆಯಿಂದ ಬೆಸಗರಹಳ್ಳಿಯವರೆಗೆ ನಡೆಯಬೇಕು. ಹಕಾರ ಯಾವ ಊರಲ್ಲಿ ಬೀಳುತ್ತದೆ, ಯಾವ ವಯಸ್ಸಿನವರಲ್ಲಿ ಮರಳಿ ಬರುತ್ತಿದೆ, ಗೇಮೆಯಂಥ ಪದ ಯಾರ ಬಾಯಲ್ಲಿ ಉಳಿದಿದೆ ಎಂಬುದನ್ನು ಊರೂರಿಗೆ ಹೋಗಿ ಧ್ವನಿಮುದ್ರಿಸಿ ನಕ್ಷೆ ಮಾಡಬೇಕು. ಮೊಮ್ಮಕ್ಕಳೊಂದಿಗೆ ಕನ್ನಡ, ಇಂಗ್ಲಿಷ್ ಆಡುತ್ತಿರುವ ಮಂಡಯಂ, ಹೆಬ್ಬಾರ್ ಮನೆಗಳ ಹಿರಿಯರ ತಮಿಳನ್ನು ಅಡುಗೆ, ಪೂಜೆ, ನೆಂಟಸ್ತಿಕೆಯ ಮಾತುಗಳಿಂದ ಶುರುಮಾಡಿ ಬರೆದಿಡಬೇಕು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ, ಮಂಡ್ಯದ ಕಾಲೇಜುಗಳಲ್ಲಿ ಈ ಮಾತನ್ನೇ ಆಡುವ ವಿದ್ಯಾರ್ಥಿಗಳಿದ್ದಾರೆ. ಅವರವರ ಊರಿನ ಪದಗಳನ್ನು ಅವರೇ ಕೂಡಿಸಿ ತಂದರೆ ತೌಲನಿಕ ಅಧ್ಯಯನಕ್ಕೆ ಬೇಕಾದ ಮೊದಲ ಸಾಮಗ್ರಿ ಮದ್ದೂರು, ಮಳವಳ್ಳಿ, ಮಂಡ್ಯ ಎಂಬ ಈ ಮೂರು ತಾಲ್ಲೂಕುಗಳಿಂದಲೇ ಸಿಗುತ್ತದೆ.